ಕೊರಳಿನ ಕೀಲಿಕೈ

ಆ ಗುರುವಾರ ಬೆಳಿಗ್ಗೆಯೂ ಐದೂವರೆಗೆ ಎದ್ದು, ಅಂಗಳಕ್ಕೆ ನೀರು ಹಾಕಿ, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಹಿಂದಿನ ದಿನ ಒಣಹಾಕಿದ ಬಟ್ಟೆ ತೆಗೆಯಲು ಮರೆತಿದ್ದೆ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಅವುಗಳ ಮೇಲೆ ಸಣ್ಣ ಕರಿ ಚುಕ್ಕೆಗಳಾಗಿ ಕೂತಿತ್ತು. ಗಂಗಾವತಿಯಲ್ಲಿ ಇದು ಹೊಸದೇನಲ್ಲ, ಕೊಡವಿ ಮಡಚಿಟ್ಟೆ. ನಮ್ಮ ಅತ್ತೆಯವರು ಬೇವೂರಿನ ಕಡೆಯವರು. ಊರ ತುಂಬ ಅಕ್ಕಿ ಇದ್ದರೂ ಅವರಿಗೆ ಬೆಳಿಗ್ಗೆ ಬಿಸಿ ಜೋಳದ ರೊಟ್ಟಿಯೇ ಆಗಬೇಕು. ನಾಲ್ಕು ರೊಟ್ಟಿ ಬಡಿದೆ. ಬಗ್ಗಿದಾಗಲೆಲ್ಲ ಸೊಂಟ ಎಂದಿನಂತೆ ಹಿಡಿಯಿತು. ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿ ಸ್ನಾನಕ್ಕೆ ಹೋದಾಗ, ಒಳಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಕಂದು ಕಲೆ ಕಂಡಿತು.

ಅದನ್ನು ಯಾರಿಗೂ ಹೇಳಲಿಲ್ಲ. ನನಗೆ ಆಗ ಎರಡನೇ ತಿಂಗಳು ನಡೆದಿತ್ತು. ಅದಕ್ಕೂ ಮೊದಲು ಎರಡು ಸಲ ನಿಂತು, ಎರಡು ಸಲವೂ ಮೂರು ತುಂಬುವ ಮೊದಲೇ ಹೋಗಿತ್ತು.

"ಏನವಾ, ತಯಾರಾದೇನ? ಆಟೋ ಬಂದು ನಿಂತೈತಿ!" ಎಂದು ಪಕ್ಕದ ಮನೆಯ ನೀಲಕ್ಕ ಕಾಂಪೌಂಡಿನ ಆಚೆಯಿಂದ ಕೂಗಿದರು.

ಅವರಿಗೆ ಮೊಣಕಾಲು ನೋವು, ನನಗೆ ಸೊಂಟದ್ದು. ಸೋಮವಾರ ಮತ್ತು ಗುರುವಾರ, ಇಬ್ಬರೂ ಒಂದೇ ಆಟೋದಲ್ಲಿ ಲೇಸರ್ ಬೆಳಕು ಹಾಕಿಸಿಕೊಳ್ಳಲು ಹೋಗುತ್ತಿದ್ದೆವು. ನನಗೆ ಹೇಳಿದ್ದು ಹತ್ತು ಸಲ, ಅಂದು ಒಂಬತ್ತನೆಯದು. ಅತ್ತೆಯವರು ಬಾಗಿಲಿಗೆ ಬಂದು, ಸೆರಗು ಸರಿಪಡಿಸುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಾಗಿದರು.

"ಆಣಿ ನೆನಪೈತಿಲ್ಲ?"

"ಐತ್ರಿ."

ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಇದನ್ನೆಲ್ಲ ಈಗ ಬರೆಯಲು ಕಾರಣ, ಹೋದ ವಾರ ಅತ್ತೆಯವರ ಭುಜ ತೋರಿಸೋಣವೆಂದು ಆ ಬೆಳಕು ಹಾಕುತ್ತಿದ್ದ ಕೋಣೆಗೆ ಹೋದರೆ ಅಲ್ಲಿ ಬೀಗ ಬಿದ್ದಿತ್ತು. ಬೋರ್ಡು ಇಳಿಸಿದ್ದರು, ಗೋಡೆಯ ಮೇಲೆ ಅದಿದ್ದ ಜಾಗದಷ್ಟೇ ಬಣ್ಣ ಹೊಸದಾಗಿ ಉಳಿದಿತ್ತು. ಎದುರಿನ ಝೆರಾಕ್ಸ್ ಅಂಗಡಿಯವರು ಹೇಳಿದರು: "ಅಕ್ಕಾರ ಬಂದ್ ಮಾಡಿದ್ರಲ್ರೀ. ಎರಡೂ ಹೆಬ್ಬಟ್ಟಿನ ಕೀಲು ಸವದು ಹೋದ್ವಂತ. ಮಗಳ ಮನಿಗೆ, ಕೊಪ್ಪಳಕ್ಕ ಹೋಗ್ಯಾರ." ಊರಿನವರ ನೋವಿಗೆಲ್ಲ ಬೆಳಕು ಹಿಡಿದ ಕೈ ಅದು. ಅದರ ಹೆಬ್ಬೆರಳಿಗೆ ಆ ಬೆಳಕು ಸಾಲಲಿಲ್ಲ. ಆ ಅಕ್ಕಾರಿಗೇ ಹಾಗೆ ಹೇಳಿದ್ದರೆ ನಕ್ಕು, "ಇದು ನೋವು ಕಮ್ಮಿ ಮಾಡ್ತದ್ರಿ, ವಯಸ್ಸು ಕಮ್ಮಿ ಮಾಡಂಗಿಲ್ಲ" ಅನ್ನುತ್ತಿದ್ದರು. ದಿನಕ್ಕೆ ನಾಲ್ಕು ಸಲವಾದರೂ ಅನ್ನುತ್ತಿದ್ದ ಮಾತು ಅದು.

ಅವರು ಫಿಸಿಯೋಥೆರಪಿ ಓದಿದವರು. ಊರಲ್ಲಿ ಯಾರೂ ಆ ಶಬ್ದ ಬಳಸುತ್ತಿರಲಿಲ್ಲ, ಎಲ್ಲರಿಗೂ ಅವರು ಲೈಟಿನ ಅಕ್ಕಾರು. ಐವತ್ತು ದಾಟಿದ ವಯಸ್ಸು. ಬಾಗಿಲ ಹಿಂದಿನ ಮೊಳೆಗೆ ಬುರ್ಖಾ ನೇತುಹಾಕಿ, ಬಿಳಿ ಕೋಟಿನ ತೋಳನ್ನು ಎರಡು ಮಡಿಕೆ ಮೇಲೇರಿಸಿ ಕೆಲಸಕ್ಕೆ ನಿಲ್ಲುತ್ತಿದ್ದರು. ತಂದೆ ಹಳೆಯ ಗರಡಿಯ ಉಸ್ತಾದರು, ಮುರಿದ ಕೈಕಾಲು ಕಟ್ಟುತ್ತಿದ್ದವರು. ಆ ಮನೆಯಿಂದ ಬಂದದ್ದಕ್ಕೋ ಏನೋ, ಯಂತ್ರ ಶುರು ಮಾಡುವ ಮೊದಲು ಬಹಳ ಹೊತ್ತು ಕೈಯಿಂದಲೇ ನೋಡುತ್ತಿದ್ದರು. ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಪರಪರ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. ಬೇಸಿಗೆಯಲ್ಲೂ ಹಾಗೆಯೇ. "ತಣ್ಣನ ಕೈ ಮುಟ್ಟಿದ್ರ ಮೈ ಸುಳ್ಳು ಹೇಳ್ತದ" ಅನ್ನುವರು.

ಕೋಣೆ ಸಣ್ಣದು. ಎರಡು ಮಂಚ, ನಡುವೆ ಒಂದು ಹಸಿರು ಪರದೆ. ಆ ಪರದೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಅದು ತೆಳ್ಳಗಿತ್ತು. ಆಚೆಯವರು ನಿಟ್ಟುಸಿರು ಬಿಟ್ಟರೂ ಈಚೆ ಕೇಳುತ್ತಿತ್ತು. ಗೋಡೆಯ ಅಲಮಾರಿಗೊಂದು ಕನ್ನಡಿಯಿತ್ತು. ಅದರ ಮೇಲೆ ಪೂರ್ತಿ ಹಳೆಯ ಪತ್ರಿಕೆ ಅಂಟಿಸಿದ್ದರು. ಬೆಳಕು ಕನ್ನಡಿಗೆ ತಾಗಿ ತಿರುಗಿ ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ. ಬಳೆ, ಉಂಗುರ ತೆಗೆಯಲು ಒಪ್ಪದ ಹೆಂಗಸರ ಕೈಗೆ ತಾವೇ ಬಟ್ಟೆ ಸುತ್ತುವರು. ಕಣ್ಣಿಗೆ ಹಾಕುವ ದಪ್ಪ ಕನ್ನಡಕಗಳನ್ನು ಒಂದು ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟಿದ್ದರು. ಒಬ್ಬರಿಗೆ ಹಾಕಿದ ಮೇಲೆ ಒರೆಸಿಯೇ ಇನ್ನೊಬ್ಬರಿಗೆ.

ಯಂತ್ರ ಒಂದು ಹೊಲಿಗೆ ಮಶೀನಿನ ಮುಚ್ಚಳದಷ್ಟು ದೊಡ್ಡದು, ಗಾಲಿಯ ಮೇಜಿನ ಮೇಲೆ ಕೂತಿರುತ್ತಿತ್ತು. ಅದಕ್ಕೊಂದು ಪುಟ್ಟ ಕೀಲಿಕೈ. ಅದನ್ನು ಕರಿದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿರುವರು. ಮೊದಲ ದಿನವೇ ನನಗೆ ತೋರಿಸಿ ಹೇಳಿದ್ದರು: "ಇದು ಕೊಯ್ಯೋ ಲೇಸರ್ ಅಲ್ರಿ, ಕಮ್ಮಿ ಶಕ್ತೀದು, ಮೆತ್ತಗಿಂದು. ಕಣ್ಣಿಗೆ ಕಾಣಂಗಿಲ್ಲ, ಮೈಗೆ ತಿಳಿಯಂಗಿಲ್ಲ. ಆದ್ರೂ ಬೆಳಕು ಬೆಳಕೇ. ಈ ಕೀಲಿಕೈ ಹಾಕದ ಹೊರಗ ಬರಂಗಿಲ್ಲ. ಮಂಚದಿಂದ ಮಂಚಕ್ಕ ಮಶೀನ್ ಸರಸುವಾಗ ಕೀಲಿಕೈ ನನ್ನ ಕೊರಳಾಗ ಇರ್ತದ."

ಮೈಗೆ ತಿಳಿಯದಿರುವುದೇ ಊರಿನವರಿಗೆ ದೊಡ್ಡ ತಕರಾರು. ಗದ್ದೆಯಲ್ಲಿ ನಾಟಿ ಮಾಡಿ ನಡು ಬಿದ್ದುಹೋದ ಹೆಂಗಸರು, ಗಿರಣಿಯಲ್ಲಿ ಚೀಲ ಹೊತ್ತ ಹಮಾಲರು, ಎಲ್ಲರಿಗೂ ಉರಿಯಬೇಕು, ಇಲ್ಲವೇ ಚುರ್ರೆನ್ನಬೇಕು. ಒಬ್ಬ ಮುದುಕ ಹಮಾಲ ಪರದೆಯ ಆಚೆಯಿಂದ ಸಿಡುಕಿದ್ದು ನನಗೆ ಇನ್ನೂ ನೆನಪಿದೆ.

"ಸುಡಲಾರದ್ದು ಅದೆಂಥಾ ಔಷಧರೀ ಅಕ್ಕಾರ? ಬ್ಯಾಟರಿ ಬಿಟ್ಟಂಗ ಬಿಟ್ಟು ಕಳಸ್ತೀರಿ."

"ಅರೆ, ಬೆನ್ನ ಮ್ಯಾಲ ಈ ಬರಿ ಯಾರು ಹಾಕಿದ್ರು?"

"ನಮ್ಮಪ್ಪ ಹಾಕ್ಸಿದ್ದ. ಸಣ್ಣಾಂವಿದ್ದಾಗ."

"ಸುಟ್ರಲ್ಲ, ನೋವು ಹೋತೇನು?"

ಮುದುಕ ಸ್ವಲ್ಪ ಯೋಚಿಸಿ, "ನೋವು ಹೋಗಲಿಲ್ರಿ. ಅಪ್ಪ ಹೋದ" ಅಂದ. ಇಬ್ಬರೂ ನಕ್ಕದ್ದು ಕೇಳಿಸಿತು.

ಇಷ್ಟು ನಗುವ ಹೆಂಗಸು ಒಂದು ವಿಷಯಕ್ಕೆ ಮಾತ್ರ ಕಲ್ಲಾಗಿದ್ದರು. ಹೆಣ್ಣು ಯಾರೇ ಬರಲಿ, ಯಂತ್ರಕ್ಕೆ ಕೈ ಹಾಕುವ ಮೊದಲು ಪ್ರತಿ ಸಲ, ಪ್ರತಿ ಸಲವೂ ಕೇಳುವರು: "ಬಸರಿ ಅದೀರೇನ್ರಿ? ಮುಟ್ಟಾಗಿ ಎಷ್ಟು ದಿನ ಆತು?" ಎಪ್ಪತ್ತರ ಮುದುಕಿಯರನ್ನೂ ಬಿಡುತ್ತಿರಲಿಲ್ಲ. ನೀಲಕ್ಕ ಅರವತ್ತೆರಡರವರು. ಅವರಿಗೂ ವಾರಕ್ಕೆರಡು ಸಲ ಇದೇ ಪ್ರಶ್ನೆ.

"ಈ ವಯಸ್ಸಿನ್ಯಾಗ ಬಸರಾದ್ರ ಕೂಸಿಗೆ ನಿಮ್ಮ ಮಶೀನಿನ ಹೆಸರಽ ಇಡ್ತೀನ್ರಿ" ಎಂದು ನೀಲಕ್ಕ ಮಂಚ ಅಲ್ಲಾಡುವಂತೆ ನಗುವರು. ಅಕ್ಕಾರು ನಗುತ್ತಿರಲಿಲ್ಲ. ಉತ್ತರ ಬರುವವರೆಗೂ ಕಾಯುವರು. "ಇಲ್ಲ" ಎಂದ ಮೇಲೆಯೇ ಕೊರಳಿಗೆ ಕೈ ಹೋಗುತ್ತಿತ್ತು.

ನನ್ನನ್ನೂ ಕೇಳಿದ್ದರು. ಮೊದಲ ದಿನ ನಾನು ಬೆರಳಿನ ಮೇಲೆ ಎಣಿಸಿ, "ಮೂರು ವಾರ ಆತ್ರಿ" ಎಂದಿದ್ದೆ. ಅದು ನಿಜವಾಗಿತ್ತು. ಎರಡನೇ ದಿನ, ಮೂರನೇ ದಿನ ಹೇಳಿದ್ದೂ ನಿಜವೇ. ಮೂರನೆಯ ಸಲ ಹೋಗಿ ಬಂದ ಮೇಲೆ ನಾಲ್ಕನೆಯದರ ಒಳಗೆ ತಿಂಗಳು ತಪ್ಪಿತು. ಇಲ್ಲಿನ ಮೆಡಿಕಲ್ ಅಂಗಡಿಯವರಿಗೆ ತಿಳಿಯಬಾರದೆಂದು ಯಜಮಾನರು ಪರೀಕ್ಷೆಯ ಪಟ್ಟಿಯನ್ನು ಕೊಪ್ಪಳದಿಂದ ತಂದರು. ಎರಡು ಗೆರೆ ಮೂಡಿತು.

ಅತ್ತೆಯವರು ಅಳಲೂ ಇಲ್ಲ, ನಗಲೂ ಇಲ್ಲ. ನನ್ನನ್ನು ದೇವರ ಕೋಣೆಗೆ ಕರೆದೊಯ್ದು ಆಣೆ ಮಾಡಿಸಿದರು. ಮೂರು ತುಂಬಿ ಕಳ್ಳ ಕುಬಸ ಆಗುವವರೆಗೆ ಮನೆಯ ಹೊಸ್ತಿಲಾಚೆ ಒಂದು ಕಿವಿಗೂ ಸುದ್ದಿ ಬೀಳಬಾರದು. ಕಳ್ಳ ಕುಬಸವೆಂದರೆ ನಮ್ಮ ಕಡೆಯ ಪದ್ಧತಿ. ಊರಿಗೆಲ್ಲ ಹೇಳಿ ಮಾಡುವ ಸೀಮಂತಕ್ಕೆ ಮೊದಲು, ಮೂರು ತುಂಬಿದಾಗ ಮನೆಯವರಷ್ಟೇ ಸೇರಿ ಬಸುರಿಗೆ ಹಸಿರು ಬಳೆ ತೊಡಿಸಿ, ಸೀರೆ ಕುಪ್ಪಸ ಕೊಟ್ಟು, ಗುಟ್ಟಾಗಿ ಉಡಿ ತುಂಬುತ್ತಾರೆ. ಹಿಂದಿನ ಎರಡು ಸಲವೂ ನಾವು ಅದಕ್ಕೆ ಕಾಯದೆ ಹೇಳಿಬಿಟ್ಟಿದ್ದೆವು. ಎರಡು ಸಲವೂ ಮೊದಲು ತಿಳಿದದ್ದು ನೀಲಕ್ಕನಿಗೆ. ಸಕ್ಕರೆ ಹಿಡಿದುಕೊಂಡು ಮೊದಲು ಬಂದವರೂ ಅವರೇ, ಸಂಜೆಯೊಳಗೆ ಓಣಿಗೆಲ್ಲ ಹೇಳಿದವರೂ ಅವರೇ. ಅತ್ತೆಯವರು ಅದನ್ನು ಮರೆತಿರಲಿಲ್ಲ.

"ಹಂಗಿದ್ರ ಲೈಟ್ ಹಾಕ್ಸೋದು ಬಿಡ್ತೀನ್ರಿ" ಎಂದೆ.

"ಬಿಟ್ರ ಯಾಕ ಬಿಟ್ಟಿ ಅಂತ ಮೊದಲ ಕೇಳಾಕಿ ಯಾರು? ನೀಲವ್ವ. ಕೇಳಿದ ಮ್ಯಾಲ ಆಕಿಗೆ ತಿಳಿಯಲಾರದ್ದು ಏನೈತಿ? ಇನ್ನ ಆರೇಳು ಸಲ. ಸುಮ್ನ ಹೋಗಿ ಬಾ. ಬರೇ ಬೆಳಕಲ್ಲ, ಅದೇನ್ಮಾಡ್ತೈತಿ?"

ಅದೇನು ಮಾಡೀತೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಂತ್ರದ ಪಕ್ಕದಲ್ಲಿ ಇಂಗ್ಲಿಷಿನ ಒಂದು ಚೀಟಿ ಅಂಟಿಸಿತ್ತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಔಷಧದ ಬಾಟಲಿಯಿಂದ ಬಿಸ್ಕತ್ತಿನ ಪೊಟ್ಟಣದವರೆಗೆ ಎಲ್ಲದರ ಮೇಲಿನ ಸಣ್ಣ ಅಕ್ಷರ ಓದಿಸುತ್ತಿದ್ದರು. ಆ ಚಟ ಬಿಟ್ಟಿಲ್ಲ. ಮೊದಲ ದಿನವೇ ಓದಿದ್ದೆ: ಕಣ್ಣಿನ ಮೇಲೆ ಬಿಡಬಾರದು, ಗಂಟುಗಳಿದ್ದರೆ ಬಿಡಬಾರದು, ಗರ್ಭಿಣಿಯರ ಹೊಟ್ಟೆ, ಸೊಂಟಕ್ಕೆ ಬಿಡಬಾರದು.

ನಾಲ್ಕನೇ ಸಲ ಮಂಚದ ಮೇಲೆ ಬೋರಲು ಮಲಗಿದಾಗ ಅಕ್ಕಾರು ಕೇಳಿದರು. ಪರದೆಯಾಚೆ ನೀಲಕ್ಕ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಅಲ್ಲಿನ ಕ್ರಮವೇ ಹಾಗೆ: ಮೊದಲು ಅವರಿಗೆ ಬೆಳಕು, ಆಮೇಲೆ ಅವರಿಗೆ ಶಾಖ ಕೊಟ್ಟು ಯಂತ್ರವನ್ನು ನನ್ನ ಕಡೆ ಸರಿಸುವರು. "ಇಲ್ರಿ" ಅಂದೆ. ಫ್ಯಾನಿನಂತೆ ಯಂತ್ರ ಗುಂಯ್ ಎಂದಿತು. ಸೊಂಟದ ಮೇಲೆ ತಣ್ಣಗಿನ ತುದಿ ಒತ್ತಿತು. ಹದಿನೈದು ನಿಮಿಷವಾದ ಮೇಲೆ ಮೇಜಿನ ಗಡಿಯಾರ ಟಿಣ್ ಅಂದಿತು. ಆ ಹದಿನೈದು ನಿಮಿಷ ನಾನು ಹೊಟ್ಟೆಯ ಕೆಳಗೆ ಎರಡೂ ಅಂಗೈ ಇಟ್ಟುಕೊಂಡು ಮಲಗಿದ್ದೆ, ಬೆಳಕನ್ನು ಅಂಗೈಯಿಂದ ತಡೆಯಬಹುದು ಎಂಬ ಹಾಗೆ.

ಐದು, ಆರು, ಏಳು, ಎಂಟು. ಪ್ರತಿ ಸಲ ಅದೇ ಪ್ರಶ್ನೆ, ಅದೇ "ಇಲ್ರಿ." ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಅನ್ನ ಇಳಿಯುತ್ತಿರಲಿಲ್ಲ. ಸಂಕಟದಿಂದಲೋ, ಬಸುರಿನಿಂದಲೋ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಪಿಸುಗುಟ್ಟಿಬಿಡೋಣ ಅಂದುಕೊಂಡೆ. ಆಚೆಯಿಂದ ನೀಲಕ್ಕ ಆಕಳಿಸಿದ್ದು ಅಷ್ಟು ಹತ್ತಿರ ಕೇಳಿಸಿತು; ಮತ್ತೆ "ಇಲ್ರಿ" ಅಂದೆ.

ಈಗ ಆ ಒಂಬತ್ತನೇ ದಿನಕ್ಕೆ ಬರುತ್ತೇನೆ.

ಆಟೋದಲ್ಲಿ ಪ್ರತಿ ತೆಗ್ಗಿಗೂ ಸೀಟಿನಿಂದ ಸ್ವಲ್ಪ ಮೇಲೆದ್ದು ಕಂಬಿ ಹಿಡಿಯುತ್ತಿದ್ದೆ. ಸಾಸಿವೆ ಕಾಳು ಈಗ ಎಷ್ಟಾಗಿರಬಹುದು? ನೀಲಕ್ಕ ದಾರಿಯುದ್ದಕ್ಕೂ ತಮ್ಮ ನಾದಿನಿ ಮಧ್ಯಾಹ್ನ ಬರುವ ಸುದ್ದಿ ಹೇಳುತ್ತಿದ್ದರು. ಹೂಂಗುಟ್ಟುತ್ತಿದ್ದೆ. ನೀಲಕ್ಕನ ಸರದಿ ಮುಗಿಯಿತು. ಗಾಲಿಗಳ ಕಿರಕಿರ ಸದ್ದಿನೊಂದಿಗೆ ಯಂತ್ರ ಪರದೆ ದಾಟಿ ನನ್ನ ಮಂಚದ ಪಕ್ಕಕ್ಕೆ ಬಂತು. ಕನ್ನಡಕ ಹಾಕಿ ಬೋರಲು ಮಲಗಿದೆ. ಅಕ್ಕಾರು ಅಂಗೈ ಉಜ್ಜಿಕೊಂಡ ಸಪ್ಪಳ ಕೇಳಿತು.

"ಬಸರಿ ಅದೀರೇನ್ರಿ?"

ಬಾಯಿ ತೆರೆದೆ. "ಇಲ್ರಿ" ಎಂಬ ಮಾತು ಅಂದು ಬರಲಿಲ್ಲ. ಇಲ್ಲ ಎನ್ನುವುದು ನಿಜವೇ ಆಗಿಹೋಗಿದ್ದರೆ?

ಪರದೆಯಾಚೆಯಿಂದ ನೀಲಕ್ಕ ಅಂದರು: "ಯಾಕ ಇವತ್ತ ದನೀನ ಇಲ್ಲಲ್ಲ ನಮ್ಮ ಹುಡಿಗೀದು?"

ಹೊಟ್ಟೆಯ ಕೆಳಗಿನ ಅಂಗೈಗಳನ್ನು ಇನ್ನಷ್ಟು ಒಳಗೆ ತೂರಿಸಿದೆ.

"ನೀಲಮ್ಮಾ, ನೀವು ಮಾತಾಡಿದ್ರ ಶಾಖದ ಚೀಲ ಜಾರ್ತದ. ಸುಮ್ಮನ ಮಲಗ್ರಿ" ಎಂದರು ಅಕ್ಕಾರು. ಆಮೇಲೆ ನನ್ನ ಉತ್ತರಕ್ಕೆ ಕಾಯಲೇ ಇಲ್ಲ! ಯಂತ್ರ ಗುಂಯ್ ಎಂದಿತು. ತುದಿ ಸೊಂಟಕ್ಕೆ ತಾಗಿತು. ನಾನು ಕೆನ್ನೆಯನ್ನು ದಿಂಬಿಗೆ ಒತ್ತಿ ಮಲಗಿದ್ದೆ. ಕಣ್ಣೀರಿಗೆ ಕನ್ನಡಕ ಜಾರಿತು. ಅವರು ಅದನ್ನು ಸರಿಪಡಿಸಲು ನನ್ನ ಮುಖದ ಮೇಲೆ ಬಾಗಿದರು. ಬಾಗಿದಾಗ ಕೋಟಿನ ಒಳಗಿಂದ ಕರಿದಾರ ಹೊರಬಿದ್ದು, ನನ್ನ ಕಣ್ಣಿಗೆ ಒಂದು ಗೇಣು ದೂರದಲ್ಲಿ ತೂಗಾಡಿತು.

ದಾರದ ತುದಿಯಲ್ಲಿ ಕೀಲಿಕೈ ಇತ್ತು.

ಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಕೀಲಿಕೈ ಅವರ ಕೊರಳಲ್ಲಿತ್ತು. ನಾನು ಅದನ್ನೇ ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ತುಟಿಯ ಮೇಲೆ ಬೆರಳಿಟ್ಟು, ದಾರವನ್ನು ಮತ್ತೆ ಕೋಟಿನೊಳಗೆ ತೂರಿಸಿ, ಜೋರಾಗಿ ಅಂದರು: "ಇವರಿಗೆ ಇವತ್ತ ಗೋಡಿ ಹಿಡಿದು ಮಾಡೋ ವ್ಯಾಯಾಮ ತೋರಸ್ತೀನಿ. ಹಿತ್ತಲಕ್ಕ ಬರ್ರಿ."

ಹಿತ್ತಿಲಲ್ಲಿ ಒಂದು ನುಗ್ಗೆ ಗಿಡ, ಒಗೆಯುವ ಕಲ್ಲು. ಬಾಗಿಲು ಎಳೆದುಕೊಂಡು ಅವರು ನನ್ನ ಎರಡೂ ಕೈ ಹಿಡಿದರು.

"ಎಷ್ಟು ದಿನ ಆತು, ಬೇಟಾ?"

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ಐವತ್ತಾತ್ರಿ."

"ನಾಕನೇ ದಿನದಿಂದ ಕೀಲಿಕೈ ಹಾಕೇ ಇಲ್ಲ ನಾ. ಸ್ವಿಚ್ ಹಾಕಿದ್ರ ಬರೇ ಮಶೀನಿನ ಸಪ್ಪಳ, ಬೆಳಕು ಬರಂಗಿಲ್ಲ. ಇವತ್ತೂ ಅಷ್ಟೇ."

ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. "ನಿಮಗ ಹೆಂಗ ತಿಳೀತ್ರಿ?"

"ಮೊದಲ ಮೂರು ದಿನ ಬೆರಳ ಮ್ಯಾಲ ಎಣಿಸಿ ಹೇಳಿದ್ರಿ. ನಾಕನೇ ದಿನ ನಾ ಕೇಳಿ ಮುಗಿಸೂದ್ರಾಗ ಇಲ್ಲ ಅಂದ್ರಿ. ಬಸರಿಲ್ಲದಾಕಿಗೆ ಅಷ್ಟು ಅವಸರ ಇರಂಗಿಲ್ಲ."

"ಮತ್ತ ಆಗಽ ಯಾಕ ಹೇಳಲಿಲ್ರಿ?" ನನ್ನ ದನಿ ಏರಿತು. ಇಳಿಸಿಕೊಂಡೆ. "ಹದಿನೆಂಟು ದಿನ ಆತ್ರಿ. ಈ ಮಂಚದ ಮ್ಯಾಲ ಪ್ರತಿ ಸಲ ಸತ್ತು ಎದ್ದೀನ್ರಿ. ಆ ಮಶೀನಿನ ಚೀಟಿ ನಾ ಓದೀನಿ."

ಅವರ ಮುಖ ಇಳಿಯಿತು. "ಇಂಗ್ಲಿಷ್ ಚೀಟಿ? ಅರೆ ಅಲ್ಲಾ... ಅದನ್ನ ಇಷ್ಟು ವರ್ಷದಾಗ ಯಾರೂ ಓದಿಲ್ಲ." ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ನಿಮಗ ಗೊತ್ತಿಲ್ಲ, ಆರಾಮ ಮಲಗೀರಿ ಅನ್ಕೊಂಡಿದ್ದೆ. ನೀವು ಹೇಳಬಾರದು ಅಂತಿದ್ರಿ, ಹೇಳಸೂದು ನನ್ನ ಕೆಲಸ ಅಲ್ಲ. ಹಾಕದ ಇರೂದು ನನ್ನ ಕೆಲಸ. ವಾಪಸ್ ಕಳಸಿದ್ರ ನೀಲಮ್ಮ ಕೇಳ್ತಿದ್ರು. ಇಲ್ಲಾ, ನೀವು ಬಸರಿ ಅದೀರೇನು ಅಂತ ಕೇಳದವರ ಕಡೆ ಹೋಗಿ ಮಲಗ್ತಿದ್ರಿ. ಆದ್ರ ನೀವು ಹೆದರಿ ಮಲಗಿದ್ದು ನನಗ ತಿಳೀಲಿಲ್ಲ ನೋಡ್ರಿ. ಅದು ನನ್ನ ತಪ್ಪು."

ಆಗ ಕಲೆಯ ವಿಷಯ ಹೇಳಿದೆ. ಅವರ ಹಿಡಿತ ಬಿಗಿಯಾಯಿತು.

"ಮೊದಲ ಮೂರು ಸಲ ಹಾಕೀರಲ್ರಿ, ಅದರಿಂದೇನರ...?"

"ಹಾಕೀನಿ. ಸುಳ್ಳು ಹೇಳಂಗಿಲ್ಲ. ಅಷ್ಟರಿಂದ ಏನೂ ಆಗಿರಲಿಕ್ಕಿಲ್ಲ ಅಂತ ನನ್ನ ಓದು ಹೇಳ್ತದ. ಆಣಿ ಮಾಡಂಗಿಲ್ಲ. ನೋಡಸಬೇಕು, ಈಗಿಂದೀಗ."

"ನಾನೂ ಆಣಿ ಮಾಡೀನ್ರಿ, ನಮ್ಮ ಅತ್ತಿಯವರ ಮುಂದ..."

"ನೀವು ಎಲ್ಲಿ ಹೇಳೀರಿ? ನಾನಽ ಹೇಳೀನಿ. ನಿಮ್ಮ ಆಣಿ ಹಂಗಽ ಐತಿ, ಏಳ್ರಿ."

ಒಳಗೆ ಬಂದು ಬುರ್ಖಾ ತೆಗೆದುಕೊಳ್ಳುತ್ತ ಅವರು ನೀಲಕ್ಕನಿಗೆ, ನನ್ನ ಸೊಂಟದ ಎಕ್ಸ್-ರೇ ಫೋಟೋ ತೆಗೆಸಬೇಕೆಂದೂ ತಾವೇ ಕರೆದೊಯ್ಯುವುದಾಗಿಯೂ ಹೇಳಿದರು. ನೀಲಕ್ಕ ಎದ್ದೇ ಕೂತರು. "ನಾನೂ ಬರ್ತೀನ್ರಿ. ಪಾಪ, ಒಂದ ಹುಡಿಗಿ. ನನಗೇನು ಕೆಲಸೈತಿ ಮನ್ಯಾಗ?"

ನಾನು ಅಕ್ಕಾರ ಮುಖ ನೋಡಿದೆ.

"ಬರ್ರಿ ಬರ್ರಿ" ಎಂದರು ಅಕ್ಕಾರು ಕೋಟು ಕಳಚುತ್ತ. "ಮೂರು ತಾಸು ಪಾಳಿ ಹಚ್ಚಬೇಕು. ನಿಮ್ಮ ನಾದಿನಿ ಯಾವಾಗ ಬರ್ತಾರಂದ್ರಿ?"

"ಅಯ್ಯ ನಮ್ಮವ್ವ! ಮರತಽ ಬಿಟ್ಟಿದ್ನಲ್ಲ!" ನೀಲಕ್ಕ ಚಪ್ಪಲಿ ಹುಡುಕಿದರು.

ಹೆಂಗಸರ ಡಾಕ್ಟರ ಮನೆ ಎರಡು ಓಣಿ ಆಚೆ. ಮುಂದಿನ ಬಾಗಿಲಲ್ಲಿ ಊರೆಲ್ಲ ಕೂತಿರುತ್ತದೆಂದು ಅವರು ನನ್ನನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದೊಯ್ದರು. ದಾರಿಯಲ್ಲಿ ನಾನು ಕೇಳಿದೆ, ಆ ಪ್ರಶ್ನೆಯನ್ನು ಮುದುಕಿಯರಿಗೂ ಕೇಳುತ್ತೀರಲ್ಲ, ಯಾಕೆ ಎಂದು. ಅವರು ನನ್ನ ಮೊಣಕೈ ಬಿಡದೆ ನಡೆಯುತ್ತಲೇ, "ಕೇಳದಽ ಇದ್ದ ಒಂದು ದಿನ ಇತ್ತು" ಅಂದರು. ಮುಂದೆ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಳಗೆ ದೀಪ ಆರಿಸಿದರು. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಸವರಿದರು. ಸ್ಕ್ಯಾನಿಂಗ್ ಯಂತ್ರದ ಪರದೆ ಡಾಕ್ಟರ ಕಡೆ ತಿರುಗಿತ್ತು. ನನಗೆ ಅವರ ಮುಖವಷ್ಟೇ ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿತ್ತು. ಹಿಂದಿನ ಎರಡು ಸಲವೂ ಡಾಕ್ಟರ ಹುಬ್ಬು ಹೀಗೆಯೇ ಗಂಟಿಕ್ಕಿತ್ತು, ಆಮೇಲೆ ಅವರು "ಸಾರಿ ಅಮ್ಮಾ" ಅಂದಿದ್ದರು. ಅಕ್ಕಾರು ನನ್ನ ಕಾಲ ಕಡೆ ನಿಂತಿದ್ದರು. ಯಾವಾಗ ಹಿಡಿದರೋ ತಿಳಿಯದು, ನನ್ನ ಬಲಗಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರ ಅಂಗೈ ಅಂದು ಉಜ್ಜಿಯೂ ತಣ್ಣಗಿತ್ತು.

ಗೋಡೆ ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಡಾಕ್ಟರು ತುದಿಯನ್ನು ಆ ಕಡೆ ಈ ಕಡೆ ಸರಿಸಿದರು. ಒತ್ತಿದರು. ಮತ್ತೆ ಸರಿಸಿದರು.

"ಬಡೀಲಿಕತ್ತೈತಿ" ಎಂದರು.

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪಿನಲ್ಲಿ ಒಂದು ಅಕ್ಕಿ ನುಚ್ಚಿನಷ್ಟು ಏನೋ ಮಿಣಮಿಣ ಎನ್ನುತ್ತಿತ್ತು. ಹೆಬ್ಬೆರಳಿನ ಮೇಲಿನ ಹಿಡಿತ ಆಗ ಸಡಿಲವಾಯಿತು.

ಡಾಕ್ಟರು ಭರವಸೆಯ ದೊಡ್ಡ ಮಾತೇನೂ ಆಡಲಿಲ್ಲ. ಕಲೆ ಒಮ್ಮೊಮ್ಮೆ ಹೀಗೆ ಕಾಣುತ್ತದೆ, ಮಲಗಿರಬೇಕು, ಮಾತ್ರೆ ತಪ್ಪಿಸಬಾರದು, ಮತ್ತೆ ಕಂಡರೆ ತಕ್ಷಣ ಬರಬೇಕು ಎಂದರು. ಆ ಮೂರು ದಿನದ ಬೆಳಕಿನ ವಿಷಯವನ್ನು ಅಕ್ಕಾರೇ ಒಂದೂ ಮುಚ್ಚದೆ ಹೇಳಿದರು. "ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ಮುಂದ ಹಾಕಲಿಲ್ಲಲ್ಲ, ಛಲೋ ಮಾಡಿದ್ರಿ" ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅಕ್ಕಾರು ನನ್ನನ್ನು ನಿಲ್ಲಿಸಿ ಬೈದರು. ಅವರು ಬೈದದ್ದು ಅದೊಂದೇ ಸಲ. "ನೀವು ಓದಿದವರು. ಚೀಟಿ ಓದಿ, ಅರ್ಥ ಮಾಡ್ಕೊಂಡು, ಆಮ್ಯಾಲ ಮಲಗಿದ್ರಿ. ಅದಕ್ಕಿಂತ ಓದಲಾರದವರು ಛಲೋ. ನನ್ನ ಕೈಯಾಗ ಮೈ ಕೊಟ್ರಿ, ಒಂದು ಮಾತು ಕೊಡಲಿಲ್ಲ." ಆಟೋ ಹತ್ತಿಸಿ, ಡ್ರೈವರನಿಗೆ ತೆಗ್ಗು ನೋಡಿ ಹೋಗು ಎಂದರು. ಆಟೋ ತಿರುಗುವಾಗ ಹಿಂದೆ ನೋಡಿದೆ. ರಸ್ತೆಯ ಅಂಚಿನಲ್ಲಿ ನಿಂತು ಅಂಗೈ ಉಜ್ಜಿಕೊಳ್ಳುತ್ತಿದ್ದರು, ಮುಟ್ಟಲು ಯಾರೂ ಇಲ್ಲದಿದ್ದರೂ.

ಮನೆಗೆ ಬಂದು ಅತ್ತೆಯವರಿಗೆ ಎಲ್ಲ ಹೇಳಿದೆ. ಅವರು ಗೋಡೆಗೆ ಒರಗಿ ಕೂತರು.

"ನಾಕನೇ ದಿನಽ ಗೊತ್ತಾಗಿತ್ತಾ ಆಕಿಗೆ?"

"ಹೂನ್ರಿ."

"ಒಬ್ರ ಮುಂದೂ ಅಂದಿಲ್ಲ?"

"ನನ್ನ ಮುಂದನೂ ಅಂದಿಲ್ರಿ."

ಅತ್ತೆಯವರು ಎದ್ದು ಹೋಗಿ ನನ್ನ ಹಾಸಿಗೆ ತಾವೇ ಹಾಸಿದರು. ಮುಂದೆ ಮೂರು ತುಂಬಿ ಕಳ್ಳ ಕುಬಸ ಮಾಡಿದ ದಿನ ಅವರು ಹೊರಗಿನಿಂದ ಕರೆದದ್ದು ಒಬ್ಬರನ್ನೇ. ಅಕ್ಕಾರು ಹಿಂಬಾಗಿಲಿನಿಂದ ಬಂದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ನನ್ನ ಕೈಗೆ ಹಸಿರು ಬಳೆ ಏರಿಸಿದರು. ಒಂದೂ ಒಡೆಯಲಿಲ್ಲ. ಈಗ ಎರಡನೇ ತರಗತಿಯಲ್ಲಿರುವ ನನ್ನ ಮಗಳಿಗೆ ಆ ಬಳೆಗಳನ್ನು ತೋರಿಸಿದ್ದೇನೆ, ಕಥೆಯನ್ನಿನ್ನೂ ಹೇಳಿಲ್ಲ.

ಆದರೆ ಆ ಗುರುವಾರ ಸಂಜೆ ಇದೆಲ್ಲ ಇನ್ನೂ ಮುಂದಿತ್ತು. ಮಲಗಿ ಮಲಗಿ ಬೇಸರವಾಗಿ, ಅಂಗಳದ ಕಟ್ಟೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದೆ. ಕಲೆ ಮತ್ತೆ ಕಂಡಿರಲಿಲ್ಲ. ಅತ್ತೆಯವರು ಪಕ್ಕದಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನಾದಿನಿಯನ್ನು ಬಸ್ಸಿಗೆ ಕಳಿಸಿ ಬಂದ ನೀಲಕ್ಕ ಕಾಂಪೌಂಡಿನ ಮೇಲೆ ಎರಡೂ ಮೊಣಕೈ ಊರಿ ನಿಂತರು.

"ಫೋಟೋದಾಗ ಏನ್ ಬಂತವಾ?"

ಅತ್ತೆಯವರ ಕೈ ಸೊಪ್ಪಿನಲ್ಲಿ ನಿಂತಿತು.

"ಏನೂ ಇಲ್ಲಂತ್ರಿ. ಎಲ್ಲಾ ಛಲೋ ಐತಂತ" ಎಂದೆ.

ನೀಲಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಮೊಣಕಾಲನ್ನು ಒಮ್ಮೆ ತಿಕ್ಕಿಕೊಂಡು, ಒಳಗೆ ಹೋಗುತ್ತ ಅಂದರು:

"ನಿನಗ ಲೈಟ್ ಭಾಳ ಛಲೋ ಹತ್ತೈತಿ ಬಿಡು, ಮಾರಿ ನೋಡು ಹೆಂಗ ಕಳಿ ಏರೇತಿ. ನನಗ ನೋಡಿದ್ರ ಏನೂ ಫರಕಿಲ್ಲ. ಸೋಮವಾರ ಕೇಳಽ ಬಿಡ್ತೀನಿ ಆಕಿಗೆ, ಈಕಿಗೆ ಹಾಕಿದ್ದ ಲೈಟಽ ನನಗೂ ಹಾಕ್ರಿ ಅಂತ."